ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಅಡುಗೆ) ತಿಂದರೆ ಆಫ್ರಿಕನ್ ಹಂದಿ ಜ್ವರ ಬರುವುದಿಲ್ಲ

‘ಹಂದಿ ಜ್ವರ ಪಂದಿ ಕರಿ ತಿಂದವರಿಗೂ ಹರಡುತ್ತದೆ’ ಎಂದು ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ ತಪ್ಪು. ಆಫ್ರಿಕನ್ ಹಂದಿ ಜ್ವರದ ವೈರಾಣು ಮನುಷ್ಯರಿಗೆ ತಗಲುವುದೇ ಇಲ್ಲ. ಬರೆದವರು ಇದನ್ನು ಎಚ್1ಎನ್1 (ಮನುಷ್ಯರಿಗೆ ಬರುವ ‘ಹಂದಿ ಜ್ವರ’) ಜೊತೆ ಕಲಸಿಹಾಕಿದ್ದಾರೆ. ಅದು ಬೇರೆಯೇ ವೈರಾಣು. ಹರಡುವುದು ಕೆಮ್ಮು-ಸೀನಿನಿಂದ, ಬೆಂದ ಮಾಂಸದಿಂದಲ್ಲ. ಮಾಂಸದ ವಿಷಯದಲ್ಲಿ ಹೆದರಬೇಕಾದದ್ದು ಲಾಡಿಹುಳುವಿಗೆ. ಪಂದಿ ಕರಿಗೆ ಹಾಕುವ ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಹುಳಿಗೆ ಅದು ಸಾಯುವುದಿಲ್ಲ. ದಪ್ಪ ತುಂಡು ಒಳಗಿನವರೆಗೂ ಬೇಯಬೇಕು. (ಪಂದಿ ಕರಿಯನ್ನು ಅರೆಬೆಂದು ಇಳಿಸುವವರು ಯಾರಿದ್ದಾರೆ!)

ನಿಜವಾದ ಅಪಾಯ ಸಾಕುವವರ ದೊಡ್ಡಿಗೆ. ಈ ವೈರಾಣು ಫ್ರೀಜರ್‌ನಲ್ಲಿಟ್ಟ ಮಾಂಸದಲ್ಲೂ ತಿಂಗಳುಗಟ್ಟಲೆ ಬದುಕುತ್ತದೆ. ಹೋಟೆಲ್, ಹೋಮ್‌ಸ್ಟೇಗಳ ಎಂಜಲಿನಲ್ಲಿ ಹಂದಿ ಮಾಂಸದ ಚೂರಿದ್ದರೆ ಸಾಕು, ರೋಗ ಒಳಬಂತು. ಹಂದಿಗೆ ಎಂಜಲು ಕೊಡದಿರುವುದೇ ಲೇಸು. ಕೊಡಲೇಬೇಕಾದರೆ ತಿರುವುತ್ತಾ ಕನಿಷ್ಠ 30 ನಿಮಿಷ ಕುದಿಸಿ. ತಿರುವದಿದ್ದರೆ ಗಟ್ಟಿ ಉಂಡೆಗಳ ಒಳಗೆ ಬಿಸಿ ತಲುಪುವುದಿಲ್ಲ.

ದೊಡ್ಡಿಯನ್ನು ಸೋಂಕುಮುಕ್ತ ಮಾಡಲು 10 ಲೀಟರ್ ನೀರಿಗೆ 200 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಹಾಕಿ. ನೀರಿಗೆ ಸೋಡಾ ಹಾಕಬೇಕೇ ಹೊರತು ಸೋಡಾದ ಮೇಲೆ ನೀರಲ್ಲ. ಕೈಗವಸು, ಕನ್ನಡಕ ಇರಲಿ. ಮೊದಲು ಸಗಣಿ ಕೆರೆದು ತೊಳೆಯದಿದ್ದರೆ ದ್ರಾವಣ ವ್ಯರ್ಥ.

ಹಂದಿಗಳಿಗೆ ಬರುವ ಮಾಮೂಲಿ ಹಂದಿ ಜ್ವರದ (ಕ್ಲಾಸಿಕಲ್ ಸ್ವೈನ್ ಫೀವರ್) ಲಸಿಕೆ ಇದಕ್ಕೆ ನಾಟುವುದಿಲ್ಲ. ಕಿವಿ, ಹೊಟ್ಟೆ ಕೆಂಪು-ನೀಲಿಯಾಗಿ ಹಂದಿ ಮೇವು ಬಿಟ್ಟರೆ ಅಗ್ಗಕ್ಕೆ ಮಾರಬೇಡಿ, ಸತ್ತದ್ದನ್ನು ತೋಡಿಗೆ ಎಸೆಯಬೇಡಿ. ಪಶುವೈದ್ಯರಿಗೆ ತಿಳಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ.