ಹಬ್ಬಕ್ಕೆ ಬಣ್ಣ ಬೇಡ, ಮೊದಲು ಮನೆ ಒಣಗಲಿ

ದಸರಾ ಮುಗಿದು ದೀಪಾವಳಿ ಹತ್ತಿರ ಬಂತೆಂದರೆ ಬೆಂಗಳೂರಿನ ಯಾವ ಬೀದಿಗೆ ಹೋದರೂ ಪೇಂಟಿನ ಡಬ್ಬ, ಪುಟ್ಟಿ ಚೀಲ, ಏಣಿ ಕಾಣಿಸುತ್ತವೆ. ಹಬ್ಬಕ್ಕೆ ಮನೆ ಲಕ್ಷಣವಾಗಿರಲಿ ಅನ್ನುವ ಆಸೆ ಸಹಜ. ಆದರೆ ಗೋಡೆಗೆ ಬಣ್ಣ ಹಚ್ಚಲು ವರ್ಷದಲ್ಲಿ ಇದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ನಮ್ಮೂರಲ್ಲಿ ಮಳೆ ಜೋರಾಗಿ ಹುಯ್ಯುವ ತಿಂಗಳುಗಳು. ಗೋಡೆ, ಮೋಲ್ಡ್ (ಕಾಂಕ್ರೀಟ್ ಛಾವಣಿ), ಸಜ್ಜಾ ಎಲ್ಲ ಚೆನ್ನಾಗಿ ನೀರು ಕುಡಿದಿರುತ್ತವೆ. ಅದರ ಮೇಲೆ ಪುಟ್ಟಿ, ಪ್ರೈಮರ್, ಎರಡು ಕೋಟ್ ಎಮಲ್ಷನ್ ಬಿದ್ದರೆ ಒಳಗಿನ ನೀರು ಹೊರಬರುವ ದಾರಿ ಮುಚ್ಚಿಹೋಗುತ್ತದೆ. ಜನವರಿಯ ಒಣಗಾಳಿ ಶುರುವಾದಾಗ ಆ ನೀರು ಬಣ್ಣದಲ್ಲಿ ಗುಳ್ಳೆ ಎಬ್ಬಿಸಿಕೊಂಡೇ ಈಚೆ ಬರುತ್ತದೆ. ಪೇಂಟ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿ ಚಳಿಗಾಲಕ್ಕೆ ಮನೆ ಸಜ್ಜು ಮಾಡುವುದೆಂದರೆ ಮಳೆಗಾಲ ಬಿಟ್ಟುಹೋದ ತೇವವನ್ನು ಓಡಿಸುವುದು. ಇಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 1884ರ ಜನವರಿ 13ರ 7.8 ಡಿಗ್ರಿ. ಡಿಸೆಂಬರ್, ಜನವರಿಯ ಮಾಮೂಲಿ ರಾತ್ರಿ 15, 16 ಡಿಗ್ರಿ ಆಸುಪಾಸು. ಅಷ್ಟು ಚಳಿ ಒಂದು ಸ್ವೆಟರ್‌ಗೆ ನಿಲ್ಲುತ್ತದೆ. ಒದ್ದೆ ಗೋಡೆಯ ಥಂಡಿ, ಬೂಷ್ಟಿನ ವಾಸನೆ, ಅದರಿಂದ ಬರುವ ಕೆಮ್ಮು ನಿಲ್ಲುವುದಿಲ್ಲ. ವಿದೇಶದ ವಿಡಿಯೋ ನೋಡಿ ಕಿಟಕಿ ಸಂದುಗಳಿಗೆಲ್ಲ ಫೋಮ್ ಟೇಪ್ ಅಂಟಿಸುವವರು ಈಚೆಗೆ ಹೆಚ್ಚಾಗಿದ್ದಾರೆ. ಅಲ್ಲಿ ಮನೆಯೊಳಗೆ ಹೀಟರ್ ಉರಿಯುತ್ತದೆ, ಬಿಸಿ ಉಳಿಸಿಕೊಳ್ಳಲು ಮುಚ್ಚುತ್ತಾರೆ. ನಮ್ಮಲ್ಲಿ ಹಾಗೆ ಮುಚ್ಚಿದರೆ ಉಳಿಯುವುದು ಸ್ನಾನ, ಅಡುಗೆಯ ಹಬೆ ಮಾತ್ರ.

ಮೊದಲು ಮಾಡಬೇಕಾದದ್ದು ಖರ್ಚಿಲ್ಲದ ಕೆಲಸ. ಒಂದು ಪೆನ್ಸಿಲ್ ತಗೊಂಡು ಮನೆಯಲ್ಲಿರುವ ಪ್ರತಿಯೊಂದು ಒದ್ದೆ ಕಲೆಯ ಸುತ್ತ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ನವೆಂಬರ್ ಪೂರ್ತಿ ನೋಡಿ. ಮಳೆ ಬಂದ ಒಂದೆರಡು ದಿನಕ್ಕೆ ಕಲೆ ಗೆರೆ ದಾಟಿ, ಬಿಸಿಲು ಬಂದಾಗ ಹಿಂದಕ್ಕೆ ಸರಿದರೆ ನೀರು ತಾರಸಿಯಿಂದಲೋ ಹೊರಗೋಡೆಯ ಬಿರುಕಿನಿಂದಲೋ ಬರುತ್ತಿದೆ. ಮಳೆ ಇರಲಿ ಬಿಡಲಿ ಕಲೆ ಹಾಗೇ ಇದ್ದು, ಗೋಡೆಯ ಆ ಕಡೆ ಬಚ್ಚಲೋ ಅಡುಗೆಮನೆ ಸಿಂಕೋ ಇದ್ದರೆ ಪೈಪ್ ಅಥವಾ ಟೈಲ್ಸ್ ಸಂದು ಸೋರುತ್ತಿದೆ. ನೆಲದಿಂದ ಎರಡು ಮೂರು ಅಡಿವರೆಗೆ ಒಂದೇ ಸಮ ಏರಿ, ಮೇಲಂಚಿನಲ್ಲಿ ಬಿಳಿ ಉಪ್ಪು ಉದುರುತ್ತಿದ್ದರೆ ನೀರು ನೆಲದಿಂದ ಹತ್ತುತ್ತಿದೆ. ಮೂರಕ್ಕೂ ಔಷಧಿ ಬೇರೆ ಬೇರೆ. ಯಾವುದೆಂದು ಗೊತ್ತುಮಾಡಿಕೊಳ್ಳದೆ ತಾರಸಿಗೆ ಸಾವಿರಾರು ರೂಪಾಯಿ ಸುರಿದ ಮೇಲೆ, ಸೋರುತ್ತಿದ್ದದ್ದು ಬಚ್ಚಲ ನಲ್ಲಿಯ ಹಿಂದಿನ ಎಲ್ಬೋ (ಪೈಪ್ ತಿರುಗುವ ಜಾಗದ ಜೋಡಣೆ) ಎಂದು ತಿಳಿಯುವುದು ಬಹಳ ಸಾಮಾನ್ಯ.

ನೆಲದಿಂದ ಹತ್ತುವ ತೇವಕ್ಕೆ ನಮ್ಮೂರಲ್ಲಿ ಒಂದು ವಿಶೇಷ ಕಾರಣವಿದೆ. ಹಳೇ ಬಡಾವಣೆಗಳಲ್ಲಿ ಟಾರಿನ ಮೇಲೆ ಟಾರು ಬಿದ್ದು ರಸ್ತೆ ಎತ್ತರವಾಗಿದೆ, ಮನೆಯ ಪ್ಲಿಂತ್, ಅಂದರೆ ತಳಪಾಯದ ಮೇಲಿನ ಕಟ್ಟೆಯ ಮಟ್ಟ, ಇದ್ದಲ್ಲೇ ಇದೆ. ಕಾಂಪೌಂಡ್ ಒಳಗೂ ಮಣ್ಣು ತುಂಬಿ, ಟೈಲ್ಸ್ ಹಾಸಿ ಮಟ್ಟ ಏರಿಸಿರುತ್ತಾರೆ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಅರ್ಧ ಅಡಿಯಾದರೂ ಕೆಳಗಿರಬೇಕು. ಇಲ್ಲದಿದ್ದರೆ ಗೋಡೆಯ ಉದ್ದಕ್ಕೂ ಮಣ್ಣು ತೆಗೆದು, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಕೊಡಬೇಕು. ಒಳಗಡೆ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಗುಡಿಸಿ ತೆಗೆಯಿರಿ. ತೊಳೆದರೆ ಉಪ್ಪು ನೀರಲ್ಲಿ ಕರಗಿ ಮತ್ತೆ ಗೋಡೆಗೇ ಸೇರುತ್ತದೆ. ಸಡಿಲವಾದ ಪ್ಲಾಸ್ಟರನ್ನು ಕಲೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಕೆತ್ತಿಸಿ, ಇಟ್ಟಿಗೆಯನ್ನು ಗಾಳಿಗೆ ಬಿಡಿ. ಪಿವಿಸಿ ಪ್ಯಾನೆಲ್ ಹೊಡೆದೋ ಟೈಲ್ಸ್ ಅಂಟಿಸಿಯೋ ಮುಚ್ಚೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ತೇವ ಅದರ ಹಿಂದೆಯೇ ಮೇಲಕ್ಕೆ ಹತ್ತಿ, ಪ್ಯಾನೆಲ್ ಮುಗಿಯುವ ಕಡೆ ಹೊರಬರುತ್ತದೆ.

ಇನ್ನು ತಾರಸಿ. ಮೋಲ್ಡ್ ಮೇಲೆ ಇಟ್ಟಿಗೆ ಚೂರು ಹಾಸಿ ಗಾರೆ ಬಳಿದ ಕೋಬಾ ಇದ್ದರೆ, ಒಂದು ಬಿರುಕಿನಿಂದ ಒಳಗೆ ಹೋದ ನೀರು ಆ ಇಟ್ಟಿಗೆ ಚೂರುಗಳ ನಡುವೆ ವಾರಗಟ್ಟಲೆ ನಿಂತಿರುತ್ತದೆ. ಮಳೆ ನಿಂತು ಎಷ್ಟೋ ದಿನದ ಮೇಲೂ ಸೀಲಿಂಗ್ ತೊಟ್ಟಿಕ್ಕುವುದು ಇದರಿಂದಲೇ. ಸುತ್ತಿಗೆಯ ಹಿಡಿಯಿಂದ ತಾರಸಿ ಪೂರ್ತಿ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬರುವ ಕಡೆ ಪದರ ಬಿಟ್ಟುಕೊಂಡಿದೆ, ಅಲ್ಲಿ ಕೆತ್ತಿ ಹೊಸದಾಗಿ ಹಾಕಬೇಕು. ಕೆಮಿಕಲ್ ಬಳಿದರೆ ಸಾಲದು.

ವಾಟರ್‌ಪ್ರೂಫ್ ಕೋಟಿಂಗ್‌ಗೂ ಅವಸರ ಬೇಡ. ಬಂಗಾಳಕೊಲ್ಲಿಯ ಚಂಡಮಾರುತಗಳು ಡಿಸೆಂಬರ್‌ವರೆಗೂ ಇಲ್ಲಿ ಜಿಟಿಜಿಟಿ ಹಿಡಿಸುತ್ತವೆ. 2024ರಲ್ಲಿ ಫೆಂಗಲ್ ಬಂದು ಡಿಸೆಂಬರ್ ಮೊದಲ ದಿನಗಳಲ್ಲಿ ಬಿಸಿಲೇ ಕಾಣಿಸಲಿಲ್ಲ. ತಾರಸಿ ಒಣಗಿದೆಯೋ ಇಲ್ಲವೋ ನೋಡಲು ಎರಡಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಒತ್ತಿ, ಒಂದು ಹಗಲು ಒಂದು ರಾತ್ರಿ ಬಿಡಿ. ತೆಗೆದಾಗ ಹಾಳೆಯ ಅಡಿಯಲ್ಲಿ ಹನಿ ಕೂತಿದ್ದರೆ ಅಥವಾ ಆ ಜಾಗದ ಗಾರೆ ಕಪ್ಪಾಗಿದ್ದರೆ ಇನ್ನೂ ನೀರಿದೆ ಎಂದರ್ಥ. ಒಣಗಿದ ಮೇಲೆ ತಂತಿ ಬ್ರಷ್‌ನಿಂದ ಪಾಚಿ ಉಜ್ಜಿ, ಬಿರುಕುಗಳನ್ನು ಐದಾರು ಮಿಲಿಮೀಟರ್ ಅಗಲ, ಅಷ್ಟೇ ಆಳಕ್ಕೆ ವಿ ಆಕಾರದಲ್ಲಿ ಬಿಡಿಸಿ, ದೂಳು ತೆಗೆದು ಕ್ರ್ಯಾಕ್ ಫಿಲ್ಲರ್ ತುಂಬಿಸಿ. ಕೂದಲೆಳೆಯಂಥ ಬಿರುಕಿನ ಮೇಲೆ ಫಿಲ್ಲರ್ ಸವರಿದರೆ ಅದು ಒಳಗೆ ಹೋಗುವುದಿಲ್ಲ, ಒಂದು ಬೇಸಿಗೆಗೆ ಎದ್ದು ಬರುತ್ತದೆ. ಆಮೇಲೆ ನೀರು ಬೆರೆಸಿದ ತೆಳು ಕೋಟ್, ಅದು ಒಣಗಿದ ಮೇಲೆ ದಪ್ಪ ಕೋಟ್, ಅದು ಹಸಿಯಿರುವಾಗಲೇ ಫೈಬರ್ ಮೆಶ್, ಕೊನೆಗೆ ಅಡ್ಡ ದಿಕ್ಕಿಗೆ ಇನ್ನೊಂದು ಕೋಟ್. ಮೇಸ್ತ್ರಿಗಳು ಮೆಶ್ ಬಿಟ್ಟುಬಿಡುವುದೇ ಹೆಚ್ಚು. ಹಗಲಿನ ಬಿಸಿಲಿಗೆ ಹಿಗ್ಗಿ ರಾತ್ರಿಯ ಚಳಿಗೆ ಕುಗ್ಗುವ ಮೋಲ್ಡ್ ಮೇಲೆ ಕೋಟಿಂಗ್ ಹರಿಯದಂತೆ ಹಿಡಿಯುವುದು ಆ ಮೆಶ್ಶೇ. ಪ್ಯಾರಪೆಟ್ ಮತ್ತು ನೆಲ ಸೇರುವ ಮೂಲೆಗೆ ಗಾರೆಯಿಂದ ದುಂಡಗೆ ಗೋಲ ಕಟ್ಟಿಸಿ, ಕೋಟಿಂಗನ್ನು ಗೋಡೆಯ ಮೇಲೂ ಒಂದಡಿ ಹತ್ತಿಸಿ. ಸೋರುವ ಹತ್ತು ತಾರಸಿ ನೋಡಿದರೆ ಬಹುಪಾಲು ಸೋರಿರುವುದು ಈ ಮೂಲೆಯಲ್ಲಿ ಅಥವಾ ಮಳೆನೀರಿನ ಪೈಪಿನ ಬಾಯಲ್ಲಿ. ಕೋಟಿಂಗ್ ಪೂರ್ತಿ ಗಟ್ಟಿಯಾದ ಮೇಲೆ ಪೈಪಿನ ಬಾಯಿ ಮುಚ್ಚಿ ಎರಡಿಂಚು ನೀರು ನಿಲ್ಲಿಸಿ, ಎರಡು ದಿನ ಕೆಳಗಿನ ಸೀಲಿಂಗ್ ನೋಡಿ. ಕೂಲಿ ಪೂರ್ತಿ ಕೊಡುವುದು ಅದಾದ ಮೇಲೆ.

ಮಳೆನೀರು ಕೊಯ್ಲಿನ ಫಿಲ್ಟರನ್ನೂ ಇದೇ ಸಮಯಕ್ಕೆ ಬಿಚ್ಚಿ ತೊಳೆದು ಒಣಗಿಸಿಬಿಡಿ. ಒಳಗೆ ಕೊಳೆತ ಎಲೆ ಉಳಿದರೆ ಬೇಸಿಗೆಯ ಮೊದಲ ಮಳೆಯಲ್ಲಿ ಅದೆಲ್ಲ ಸಂಪ್‌ಗೆ ಇಳಿಯುತ್ತದೆ.

ಸೋಲಾರ್ ಬಿಸಿನೀರು ಡಿಸೆಂಬರ್‌ನಲ್ಲೇ ಕೈಕೊಡುವುದು ಏಕೆಂದು ಬಹಳ ಜನ ಕೇಳುತ್ತಾರೆ. ಮೋಡ ಒಂದು ಕಾರಣ. ಇನ್ನೊಂದು ನೆರಳು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 21ರ ಸುಮಾರಿಗೆ ನಡುಮಧ್ಯಾಹ್ನವೂ ಸೂರ್ಯ 53, 54 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ದಕ್ಷಿಣಕ್ಕೆ ಹತ್ತು ಅಡಿ ಎತ್ತರದ ಗೋಡೆಯಿದ್ದರೆ ಅದರ ನೆರಳು ಮಧ್ಯಾಹ್ನ ಏಳೂವರೆ ಅಡಿ ಉತ್ತರಕ್ಕೆ ಚಾಚುತ್ತದೆ, ಬೆಳಗ್ಗೆ, ಸಂಜೆ ಇನ್ನೂ ಉದ್ದ. ಜೂನ್‌ನಲ್ಲಿ ಸೂರ್ಯ ಉತ್ತರಕ್ಕೆ ವಾಲಿರುವುದರಿಂದ ಅದೇ ಗೋಡೆ ತೊಂದರೆ ಕೊಟ್ಟಿರುವುದಿಲ್ಲ. ಪಕ್ಕದ ಸೈಟಿನಲ್ಲಿ ಹೊಸದಾಗಿ ಇನ್ನೊಂದು ಮಹಡಿ ಎದ್ದಿದ್ದರೆ ಬೆಳಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಗಂಟೆಗೊಮ್ಮೆ ಹತ್ತಿ ನೋಡಿ, ಸ್ಟ್ಯಾಂಡ್ ಜರುಗಿಸಬೇಕೋ ಎತ್ತರಿಸಬೇಕೋ ತಿಳಿಯುತ್ತದೆ.

ಗಾಜಿನ ಟ್ಯೂಬ್ ಮಾದರಿಯಾದರೆ ಪ್ರತಿ ಟ್ಯೂಬಿನ ತಳಭಾಗ ನೋಡಿ. ಅಲ್ಲಿ ಬೆಳ್ಳಿಯಂಥ ಹೊಳಪು ಇದ್ದರೆ ಒಳಗಿನ ನಿರ್ವಾತ ಸರಿಯಾಗಿದೆ. ಹಾಲಿನಂತೆ ಬಿಳುಪಾಗಿದ್ದರೆ ಗಾಳಿ ಹೊಕ್ಕಿದೆ. ಅಂಥ ಟ್ಯೂಬ್ ಒಡೆದಂತೆ ಕಾಣದಿದ್ದರೂ ಹಗಲು ಹೀರಿದ ಬಿಸಿಯನ್ನೆಲ್ಲ ರಾತ್ರಿ ಹೊರಗೆ ಬಿಡುತ್ತದೆ, ಬದಲಿಸಲೇಬೇಕು. ಬದಲಿಸುವಾಗ ರಬ್ಬರ್ ವಾಷರೂ ಹೊಸದಿರಲಿ. ಬಿಸಿಲಲ್ಲಿ ಖಾಲಿಯಿದ್ದು ಕಾದ ಟ್ಯೂಬಿಗೆ ತಣ್ಣೀರು ಬಿಟ್ಟರೆ ಫಟ್ಟೆಂದು ಒಡೆಯುತ್ತದೆ, ಈ ಕೆಲಸವೆಲ್ಲ ಸೂರ್ಯ ಮೇಲೆ ಬರುವ ಮುಂಚೆ ಮುಗಿಯಬೇಕು. ತಗಡಿನ ಪ್ಯಾನೆಲ್ ಮಾದರಿಯಲ್ಲಿ ಬೋರ್‌ವೆಲ್ ನೀರಿನ ಸುಣ್ಣ ತಾಮ್ರದ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಪ್ಯಾನೆಲ್ ಸುಡುತ್ತಿದ್ದು ಟ್ಯಾಂಕ್ ನೀರು ಉಗುರುಬೆಚ್ಚಗಿದ್ದರೆ ಅದೇ ರೋಗ, ಸುಣ್ಣ ಕರಗಿಸಿ ತೆಗೆಯುವ ಡಿಸ್ಕೇಲಿಂಗ್ ಮಾಡಿಸಿ. ಟ್ಯಾಂಕಿನಿಂದ ಬಚ್ಚಲಿಗೆ ಇಳಿಯುವ ಪೈಪಿನ ಕಪ್ಪು ಫೋಮ್ ಬಿಸಿಲಿಗೆ ಪುಡಿಯಾಗಿರುತ್ತದೆ. ಮುಕ್ಕಾಲಿಂಚಿನ ಸಿಪಿವಿಸಿ ಪೈಪ್ 20 ಮೀಟರ್ ಇದ್ದರೆ ಅದರೊಳಗೆ ನಿಂತಿರುವ ನೀರೇ ಸುಮಾರು 5 ಲೀಟರ್. ಬಿಸಿನೀರು ಬರುವ ಮುಂಚೆ ಪ್ರತಿಸಲ ಅಷ್ಟು ತಣ್ಣೀರು ಚರಂಡಿ ಪಾಲು. ಹೊಸ ಫೋಮ್ ಸುತ್ತಿ, ಮೇಲೆ ಅಲ್ಯೂಮಿನಿಯಂ ಟೇಪ್ ಹಾಕಿಸಿ. ಆ ಮೊದಲ ನೀರನ್ನು ಬಕೆಟ್ಟಿಗೆ ಹಿಡಿದರೆ ಇನ್ನೂ ಒಳ್ಳೆಯದು.

ಕರೆಂಟ್ ಗೀಸರ್‌ನಲ್ಲಿ ಕಾಯುವಾಗ ಟಪಟಪ ಸದ್ದು ಬಂದರೆ ಕಾಯಿಲ್ ಮೇಲೆ ಸುಣ್ಣ ಕಟ್ಟಿದೆ. ಬೋರ್‌ವೆಲ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಬಿಚ್ಚಿಸಬೇಕು. ಬಿಚ್ಚಿದಾಗ ಮೆಗ್ನೀಷಿಯಂ ಆನೋಡ್ ಕಡ್ಡಿ ತೋರಿಸಿ ಎಂದು ಕೇಳಿ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ತಾನು ಸವೆಯುವುದಕ್ಕೇ ಅದನ್ನು ಇಟ್ಟಿರುವುದು. ಅರ್ಧ ಸವೆದಿದ್ದರೆ ಹೊಸದು ಹಾಕಿಸಿ. ನೀರು ಕಾಯುವಾಗ ಸೇಫ್ಟಿ ವಾಲ್ವ್‌ನಿಂದ ನಾಲ್ಕಾರು ಹನಿ ಬೀಳುವುದು ಸರಿಯಾದ ಲಕ್ಷಣ, ಹಿಗ್ಗಿದ ನೀರಿನ ಒತ್ತಡ ಅಲ್ಲಿಂದ ಹೋಗುತ್ತದೆ. ಹನಿ ಬೀಳುತ್ತದೆಂದು ಆ ತೂತಿಗೆ ಎಂ-ಸೀಲ್ ಮೆತ್ತಿದರೆ ಗೀಸರ್ ಸಿಡಿಯುವ ಅಪಾಯವಿದೆ. ಎರಡು ಕಿಲೋವಾಟ್ ಗೀಸರ್ 15 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ತರಲು ಇಪ್ಪತ್ತು ನಿಮಿಷದ ಮೇಲೆ ಒಂದೆರಡು ನಿಮಿಷ ಸಾಕು. ಗಂಟೆಗಟ್ಟಲೆ ಹಾಕಿಡುವ ಅಗತ್ಯವೇ ಇಲ್ಲ.

ಅದೇ ಗೀಸರ್ ಸುಮಾರು 9 ಆಂಪ್ಸ್ ಎಳೆಯುತ್ತದೆ, ರೂಮ್ ಹೀಟರೂ ಅಷ್ಟೇ. 6 ಆಂಪ್ಸ್‌ನ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಚುಚ್ಚಿದರೆ ಮೊದಲು ಪ್ಲಗ್ ಕರಗುತ್ತದೆ. ಮೀಟರ್ ಬೋರ್ಡ್‌ನಲ್ಲಿ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್ ಇರುತ್ತದೆ, ಆ ಆರ್‌ಸಿಸಿಬಿಯಲ್ಲಿ ಟಿ ಎಂದು ಬರೆದ ಪುಟ್ಟ ಗುಂಡಿ ಒತ್ತಿ ನೋಡಿ, ತಕ್ಷಣ ಬೀಳಬೇಕು. ಗೀಸರ್ ಹಾಕಿದಾಗೆಲ್ಲ ಅದು ಬಿದ್ದರೆ ಕಾಯಿಲ್ ನೀರಿಗೆ ಕರೆಂಟ್ ಬಿಡುತ್ತಿದೆ. ‘ಆರ್‌ಸಿಸಿಬಿನೇ ಸರಿ ಇಲ್ಲ ಸಾರ್, ಡೈರೆಕ್ಟ್ ಕೊಟ್ಬಿಡ್ತೀನಿ’ ಎನ್ನುವ ಎಲೆಕ್ಟ್ರಿಷಿಯನ್‌ನನ್ನು ಅಲ್ಲೇ ನಿಲ್ಲಿಸಿ.

ಗ್ಯಾಸ್ ಗೀಸರ್ ವಿಷಯದಲ್ಲಿ ಮಾತ್ರ ರಾಜಿ ಬೇಡವೇ ಬೇಡ. ಅದು ಬಚ್ಚಲುಮನೆಯ ಹೊರಗಿರಬೇಕು. ಮುಚ್ಚಿದ ಬಚ್ಚಲಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತಿದ್ದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತಿದೆ ಎಂದು ಗೊತ್ತಾಗುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿ ಇರುವುದಿಲ್ಲ. ಚಳಿಯೆಂದು ವೆಂಟಿಲೇಟರ್‌ಗೆ ರಟ್ಟು ಹೊಡೆಯುವುದು ಈ ಕಾಲದಲ್ಲೇ, ಸಾವಿನ ಸುದ್ದಿ ಹೆಚ್ಚು ಬರುವುದೂ ಈ ಕಾಲದಲ್ಲೇ. ಜ್ವಾಲೆ ನೀಲಿ ಬಿಟ್ಟು ಹಳದಿಯಾಗಿದ್ದರೆ ಸರ್ವಿಸ್ ಆಗುವವರೆಗೆ ಹಚ್ಚಲೇಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಂಡ್ಲಿ ಇಟ್ಟುಕೊಂಡು ಮಲಗುವುದೂ ಇಷ್ಟೇ ಅಪಾಯ. ನಿಮ್ಮ ಬೀದಿಯ ವಾಚ್‌ಮನ್ ಶೆಡ್‌ಗಳಲ್ಲಿ ಇರುವವರಿಗೂ ಇದನ್ನು ಹೇಳಿ.

ಬೂಷ್ಟು ಹಿಡಿಯುವುದು ಮೇಲಿನ ಮಹಡಿಯ ಸೀಲಿಂಗ್ ಮೂಲೆಗಳಲ್ಲಿ, ಉತ್ತರದ ಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ. ಮೋಡವಿಲ್ಲದ ರಾತ್ರಿ ಮೋಲ್ಡ್ ತಣ್ಣಗಾಗಿ, ಮನೆಯ ಹಬೆ ಅಲ್ಲಿ ನೀರಾಗಿ ಕೂರುತ್ತದೆ. ಬೀರು, ಮಂಚವನ್ನು ಗೋಡೆಯಿಂದ ಮೂರಿಂಚು ಈಚೆ ಎಳೆಯಿರಿ. ಸ್ನಾನವಾದ ಮೇಲೂ ಎಕ್ಸಾಸ್ಟ್ ಫ್ಯಾನ್ ಇಪ್ಪತ್ತು ನಿಮಿಷ ಓಡಲಿ. ಬೆಳಗಿನ ಮಂಜು ಕರಗಿದ ಮೇಲೆ, ಹತ್ತು ಗಂಟೆಗೆ ಎದುರುಬದುರು ಕಿಟಕಿ ತೆರೆದು ಸಂಜೆ ಐದಕ್ಕೆ ಮುಚ್ಚಿ. ಬಂದಿರುವ ಬೂಷ್ಟನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಕಣಗಳು ಮನೆಯೆಲ್ಲ ಹಾರುತ್ತವೆ. ಮಾಸ್ಕ್, ಗ್ಲೌಸ್ ಹಾಕಿಕೊಂಡು ಸೋಪಿನ ನೀರಲ್ಲಿ ಒದ್ದೆ ಮಾಡಿಯೇ ಉಜ್ಜಿ. ಬ್ಲೀಚ್ ಬಳಸುವುದಾದರೆ ಟಾಯ್ಲೆಟ್ ಕ್ಲೀನರ್ ಜೊತೆ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಕಿಟಕಿಯಲ್ಲಿ ಮುಚ್ಚಬೇಕಾದ ಸಂದು ಇದ್ದರೆ ಅದು ಪೂರ್ವ, ಈಶಾನ್ಯದ ಕಡೆಯದು, ಚಳಿಗಾಲದ ಗಾಳಿ ಬೀಸುವುದು ಆ ಕಡೆಯಿಂದ. ಸ್ಲೈಡಿಂಗ್ ಕಿಟಕಿಯ ಸವೆದ ಬ್ರಷ್ ಪಟ್ಟಿ ಬದಲಿಸಿ, ಕೆಳಗಿನ ಟ್ರ್ಯಾಕಿನ ನೀರಿನ ತೂತುಗಳನ್ನು ಕಡ್ಡಿಯಿಂದ ಬಿಡಿಸಿ. ಅಡುಗೆಮನೆಯ ಗವಾಕ್ಷಿ ಮಾತ್ರ ತೆರೆದೇ ಇರಲಿ.

ಮಳೆಗೆ ಉಬ್ಬಿ ಚೌಕಟ್ಟಿಗೆ ತಾಗುವ ಮರದ ಬಾಗಿಲನ್ನು ಈಗಲೇ ಬಡಗಿಯಿಂದ ಕೀಸಿಸಬೇಡಿ. ಫೆಬ್ರವರಿ ಹೊತ್ತಿಗೆ ಮರ ಒಣಗಿ ಕುಗ್ಗಿದಾಗ ಬೆರಳು ತೂರುವಷ್ಟು ಸಂದಿ ಬೀಳುತ್ತದೆ. ಅಲ್ಲಿಯವರೆಗೆ ತಾಗುವ ಅಂಚಿಗೆ ಮೇಣದಬತ್ತಿ ಉಜ್ಜಿ, ಕೀಲಿನ ಸ್ಕ್ರೂ ಬಿಗಿ ಮಾಡಿ. ಜನವರಿ ಕೊನೆಗೂ ತಾಗುತ್ತಿದ್ದರೆ ಆಗ ಕೀಸಿಸಿ, ಕೀಸಿದ ಅಂಚಿಗೆ ಅದೇ ದಿನ ವಾರ್ನಿಷ್ ಹಚ್ಚಿಸಿ. ಬಾಗಿಲು ಕಳಚಿದಾಗಲೇ ತಳದ ಅಂಚಿಗೂ ಎರಡು ಕೋಟ್ ಹೊಡೆಸಿಬಿಡಿ. ಮನೆ ಕಟ್ಟಿದಾಗಿನಿಂದ ಅಲ್ಲಿಗೆ ಬ್ರಷ್ ತಾಗಿರುವುದಿಲ್ಲ, ಒರೆಸುವ ನೀರು ಮರಕ್ಕೆ ಇಳಿಯುವುದು ಅಲ್ಲಿಂದಲೇ.