ಎದುರಾಳಿಯ ಪಟ್ಟನ್ನು ಕಲಿಯಲೂ ದುಡ್ಡು ಕೊಡಬೇಕೇ?

ಕಳೆದ ವಾರ ಒಂದು ಉಚಿತ ಫೈಟಿಂಗ್ ಗೇಮಿನಲ್ಲಿ ಒಬ್ಬನೇ ಎದುರಾಳಿಯ ಕೈಯಲ್ಲಿ ಸತತ ಆರು ಪಂದ್ಯ ಸೋತೆ. ಆರರಲ್ಲೂ ಅದೇ ಪಟ್ಟು. ತಗ್ಗಿ ಕಾಲಿಗೊಂದು ಒದೆತ, ಅದನ್ನು ತಡೆದರೆ ಕ್ಷಣಮಾತ್ರದ ಬಿಡುವು, ಹಿಂದೆಯೇ ತಲೆಯ ಮೇಲೆ ಮೊಣಕೈ ಪೆಟ್ಟು. ಆ ಬಿಡುವಿನಲ್ಲಿ ನನ್ನ ಗುದ್ದು ಮೊದಲು ತಲುಪುತ್ತದೆಯೋ ಇಲ್ಲವೋ? ಉತ್ತರ ಸಿಗುವುದು ಆಟದೊಳಗಿನ ಅಭ್ಯಾಸದ ಕೋಣೆಯಾದ ಟ್ರೇನಿಂಗ್ ಮೋಡ್‌ನಲ್ಲಿ. ಎದುರಾಳಿಯ ಪಾತ್ರವನ್ನು ಮುಂದೆ ನಿಲ್ಲಿಸಿಕೊಂಡು, ಆ ಎರಡು ಏಟುಗಳನ್ನು ರೆಕಾರ್ಡ್ ಮಾಡಿ, ಐವತ್ತು ಸಲ ಹೊಡೆಸಿಕೊಂಡು, ಐವತ್ತೊಂದನೆಯ ಸಲ ತಿರುಗಿ ಹೊಡೆಯಬೇಕು. ಹೋಗಿ ನೋಡಿದರೆ ಆ ಪಾತ್ರದ ಮುಖದ ಮೇಲೆ ಬೀಗದ ಚಿತ್ರ. ಕೆಳಗೆ ಬೆಲೆ.

ಆಟವನ್ನು ಉಚಿತವಾಗಿ ಕೊಟ್ಟು, ಒಳಗೆ ಬಂದವರಿಗೆ ಒಂದೊಂದನ್ನೇ ಮಾರುವ ಪದ್ಧತಿಯನ್ನು ನಾನು ವಿರೋಧಿಸುವುದಿಲ್ಲ. ನಮಗಂತೂ ಅದು ಬೇಕೇ ಬೇಕು. ಹೊಸ ಆಟವೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ಕೊಡುವವರು ಭಾರತದಲ್ಲಿ ಎಷ್ಟು ಮಂದಿ? ಆಡುವವರು ವಿರಳವಾದಷ್ಟೂ ಸಿಗುವ ಎದುರಾಳಿ ದೂರದವನಾಗುತ್ತಾನೆ. ಈ ಆಟಗಳು ಸೆಕೆಂಡಿಗೆ 60 ಫ್ರೇಮ್‌ (ಬಿಡಿ ಚಿತ್ರ) ಲೆಕ್ಕದಲ್ಲಿ ಓಡುತ್ತವೆ. ಮೂರು ಫ್ರೇಮ್ ಎಂದರೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲು. ಅಷ್ಟರಲ್ಲೇ ಸೋಲು ಗೆಲುವು ಇತ್ಯರ್ಥವಾಗುತ್ತದೆ. ದೂರದ ಇಂಟರ್ನೆಟ್ ಸಂಪರ್ಕದ ವಿಳಂಬ ಆ ಅಂತರವನ್ನೇ ನುಂಗಿಬಿಡುತ್ತದೆ. ಹತ್ತಿರದಲ್ಲಿ ಜೊತೆಗಾರರು ಬೇಕೆಂದರೆ ಬಾಗಿಲು ತೆರೆದೇ ಇರಬೇಕು.

ನನ್ನ ತಕರಾರು ಬೀಗ ಹಾಕಿರುವ ಜಾಗದ ಬಗ್ಗೆ. 1991ರಲ್ಲಿ ಬಂದ ಸ್ಟ್ರೀಟ್ ಫೈಟರ್ 2 ಆಟವನ್ನು ನೆನೆಯಿರಿ. ಗೇಮ್ ಪಾರ್ಲರಿನ ಯಂತ್ರಕ್ಕೆ ಕಾಯಿನ್ ಹಾಕಿದರೆ ಎಂಟೂ ಪಾತ್ರಗಳು ಎಲ್ಲರಿಗೂ ಸಿಗುತ್ತಿದ್ದವು. ಗೆದ್ದವನು ನಿಂತಲ್ಲೇ ಇರುತ್ತಿದ್ದ, ಸೋತವನು ಮತ್ತೆ ಜೇಬಿಗೆ ಕೈ ಹಾಕುತ್ತಿದ್ದ. ಜೇಬು ಖಾಲಿಯಾದವನೂ ಹಿಂದೆ ನಿಂತು, ಯಾರು ಯಾವ ಪಟ್ಟು ಹಾಕಿದರು ಎಂದು ನೋಡಿ ಕಲಿಯುತ್ತಿದ್ದ. ಅಲ್ಲಿ ಮಾರಾಟಕ್ಕಿದ್ದದ್ದು ಸಮಯ ಮಾತ್ರ.

ಉಚಿತ ಪದ್ಧತಿಯಲ್ಲೂ ಮರ್ಯಾದೆಯಿಂದ ನಡೆದುಕೊಳ್ಳಬಹುದು ಎಂದು ನನಗೆ ತೋರಿಸಿಕೊಟ್ಟದ್ದು ಕಿಲ್ಲರ್ ಇನ್‌ಸ್ಟಿಂಕ್ಟ್. 2013ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ ಒನ್ ಗೇಮ್ ಕನ್ಸೋಲ್ ಜೊತೆಗೇ ಬಂದ ಆಟ. ಶುರುವಿನಲ್ಲಿ ಒಂದು ಪಾತ್ರ ಉಚಿತವಾಗಿತ್ತು, ಬಿಡಿಯಾಗಿ ಕೊಂಡರೆ ಒಂದಕ್ಕೆ ಐದು ಡಾಲರ್, ಮೊದಲ ಸೀಸನ್ನಿನ ಎಂಟೂ ಪಾತ್ರ ಸೇರಿ ಇಪ್ಪತ್ತು ಡಾಲರ್. ದುಡ್ಡು ಕೊಡದವನ ಕೈಯಲ್ಲಿದ್ದ ಪಾತ್ರಕ್ಕೂ ಅದೇ ಕಾಂಬೊ (ಒಂದರ ಹಿಂದೊಂದು ಏಟುಗಳ ಸರಣಿ), ಅದೇ ಬಲ. ಅದೇ ವರ್ಷ ಪ್ಲೇಸ್ಟೇಷನ್ 3ಕ್ಕೆ ಬಂದ ಟೆಕ್ಕೆನ್ ರೆವಲ್ಯೂಷನ್ ಬೇರೆಯೇ ದಾರಿ ಹಿಡಿಯಿತು. ಆಡಿ ಗಳಿಸಿದ ಅಂಕಗಳಿಂದ ಪಾತ್ರದ ಶಕ್ತಿಯನ್ನೇ ಏರಿಸಿಕೊಳ್ಳಬಹುದಿತ್ತು. ಆಡುವ ಅವಕಾಶಗಳಿಗೆ ಮಿತಿಯಿತ್ತು, ಹೆಚ್ಚು ಬೇಕೆಂದರೆ ಹಣ. ಇಬ್ಬರ ಗುದ್ದಿನ ತೂಕವೇ ಬೇರೆಯಾದ ಮೇಲೆ ಅದನ್ನು ಸ್ಪರ್ಧೆ ಎಂದು ಹೇಗೆ ಕರೆಯುವುದು? 2017ರಲ್ಲಿ ಅದರ ಸರ್ವರ್‌ಗಳು ನಿಂತವು.

ಇನ್ನು ಮಲ್ಟಿವರ್ಸಸ್. ಬ್ಯಾಟ್‌ಮ್ಯಾನ್ ಮತ್ತು ಬಗ್ಸ್ ಬನ್ನಿ ಒಂದೇ ಕಣದಲ್ಲಿ ಬಡಿದಾಡುವ ಈ ಆಟ 2022ರ ಜುಲೈನಲ್ಲಿ ಎಲ್ಲರಿಗೂ ತೆರೆದಾಗ ಜನ ಮುಗಿಬಿದ್ದರು. ಮುಂಗಡ ಪ್ಯಾಕ್‌ಗೆ ನೂರು ಡಾಲರ್‌ವರೆಗೂ ತೆತ್ತವರಿದ್ದರು. ಮರುವರ್ಷ ಜೂನ್‌ನಲ್ಲಿ ಆಟವೇ ತಾತ್ಕಾಲಿಕವಾಗಿ ಮುಚ್ಚಿತು. 2024ರ ಮೇ 28ರಂದು ಮತ್ತೆ ತೆರೆಯಿತು, 2025ರ ಮೇ 30ಕ್ಕೆ ಅದರ ಆನ್‌ಲೈನ್ ಆಟ ಮುಗಿಯಿತು. ಬೆಲೆಯೊಂದೇ ಇದಕ್ಕೆ ಕಾರಣವಲ್ಲ, ಮರಳಿ ಬಂದಾಗ ಆಟದ ಓಟವೇ ನಿಧಾನವಾಯಿತೆಂದು ಆಡುಗರು ಬೇಸರಪಟ್ಟಿದ್ದರು. ಆದರೆ ಒಂದು ಮಾತು ಅಲ್ಲಿ ಸ್ಪಷ್ಟವಾಯಿತು. ಬಿಟ್ಟಿಯಾಗಿ ಬಂದವನು ಬಂದಷ್ಟೇ ಸಲೀಸಾಗಿ ಎದ್ದು ಹೋಗುತ್ತಾನೆ.

ಅವನನ್ನು ಉಳಿಸಿಕೊಳ್ಳುವುದು ಹೇಗೆ? ಫೈಟಿಂಗ್ ಗೇಮಿನಲ್ಲಿ ಹೊಸಬ ಸೋಲುತ್ತಾನೆ, ಸೋಲುತ್ತಲೇ ಇರುತ್ತಾನೆ. ಒಬ್ಬರಿಗೊಬ್ಬರು ಸೆಣಸುವ ಪಂದ್ಯದಲ್ಲಿ ಆ ಸೋಲನ್ನು ಹಂಚಿಕೊಳ್ಳುವವರೂ ಇರುವುದಿಲ್ಲ. ಯಾಕೆ ಸೋತೆ ಎಂದು ತಿಳಿದರೆ ಅವನು ಮರುದಿನ ಬರುತ್ತಾನೆ, ತಿಳಿಯದಿದ್ದರೆ ಬರುವುದಿಲ್ಲ. ಉಚಿತ ಆಟದ ವ್ಯಾಪಾರವೆಲ್ಲ ನಿಂತಿರುವುದು ಹೀಗೆ ಮರುದಿನ ಬರುವವರ ಮೇಲೆ. ಅವರು ಕಲಿಯಲು ಹೋಗುವ ಕೋಣೆಗೇ ಬೀಗ ಜಡಿದರೆ ಕಂಪನಿ ತನ್ನ ಗಿರಾಕಿಯನ್ನು ತಾನೇ ಕಳಿಸಿಕೊಟ್ಟಂತಾಯಿತು.

ಬಟ್ಟೆ ಮಾರಲಿ, ಬಣ್ಣ ಮಾರಲಿ, ಸಂಗೀತ ಮಾರಲಿ. ಪಂದ್ಯದಲ್ಲಿ ಆಡಲು ಪಾತ್ರವನ್ನೂ ಮಾರಲಿ, ನಾನು ಸಂತೋಷದಿಂದ ಕೊಳ್ಳುತ್ತೇನೆ. ಒಂದು ಪಾತ್ರದ ಹಿಂದೆ ಎಷ್ಟೋ ಕಲಾವಿದರ, ಪ್ರೋಗ್ರಾಮರ್‌ಗಳ ತಿಂಗಳುಗಟ್ಟಲೆ ದುಡಿಮೆ ಇರುತ್ತದೆ. ಆದರೆ ಟ್ರೇನಿಂಗ್ ಮೋಡ್‌ನಲ್ಲಿ ಎದುರಿಗೆ ನಿಂತು ನನ್ನನ್ನು ಹೊಡೆಯಲು ಎಲ್ಲ ಪಾತ್ರಗಳೂ ಮೊದಲ ದಿನದಿಂದಲೇ ಮುಕ್ತವಾಗಿರಬೇಕು. ಇದರಲ್ಲಿ ರಾಜಿಯಿಲ್ಲ.

ನನ್ನ ಆರು ಸೋಲುಗಳ ಗುಟ್ಟು ಕೊನೆಗೂ ಬಯಲಾಯಿತು. ಆ ಪಾತ್ರವನ್ನು ಕೊಂಡಿದ್ದ ಗೆಳೆಯನೊಬ್ಬ ಭಾನುವಾರ ರಾತ್ರಿ ಆಟದೊಳಗೇ ನಮ್ಮಿಬ್ಬರಿಗೆಂದು ಖಾಸಗಿ ಕೋಣೆ ತೆರೆದು, ಮುಕ್ಕಾಲು ಗಂಟೆ ಬೇಸರಿಸದೆ ಅವೇ ಎರಡು ಏಟುಗಳನ್ನು ಹೊಡೆಯುತ್ತ ಕುಳಿತ. ಒದೆತವನ್ನು ತಡೆದ ತಕ್ಷಣ ಗುದ್ದಿದರೆ ನನ್ನ ಗುದ್ದೇ ಮೊದಲು ತಲುಪುತ್ತದೆ. ನನ್ನ ಜೊತೆಯಲ್ಲೇ ಆ ಆಟ ಶುರುಮಾಡಿದ್ದ ಅಣ್ಣನ ಮಗನಿಗೆ ಇದನ್ನು ತೋರಿಸಬೇಕೆಂದು ಫೋನ್ ಮಾಡಿದೆ. ಅವನು ಮೂರನೆಯ ದಿನವೇ ಆಟವನ್ನು ಅಳಿಸಿಹಾಕಿದ್ದ.