ಗೌರವಧನ ಅನ್ನೋ ಪದದ ಬಗ್ಗೆ

ಜರ್ಮನಿಗೆ ಬಂದ ಹೊಸದರಲ್ಲಿ ದುಭಾಷಿ ಕೆಲಸ ಒಂದನ್ನ ಒಪ್ಕೊಂಡಿದ್ದೆ, ಸಹಿ ಹಾಕಿ ಅಂತ ಕೊಟ್ಟ ಕಾಗದದ ಮೇಲೆ ದಪ್ಪಕ್ಷರದಲ್ಲಿ "ಹೊನೊರಾರ್‌ಫೆರ್‌ಟ್ರಾಗ್" ಅಂತಿತ್ತು, ಅಂದ್ರೆ ಗೌರವಧನದ ಕರಾರು. ಮನಸ್ಸು ಸ್ವಲ್ಪ ಕುಗ್ಗಿಹೋಯ್ತು. ಓದ್ತಾ ಹೋದ್ರೆ ಗಂಟೆಗೆ ಇಷ್ಟು, ಓಡಾಟದ ಖರ್ಚು ಬೇರೆ, ಬಿಲ್ ಕೊಟ್ಟ ಮೇಲೆ ಇಷ್ಟು ದಿನದೊಳಗೆ ಅಕೌಂಟಿಗೆ, ಎಲ್ಲಾ ಬರ್ದಿದೆ! ಇಲ್ಲಿ ವಕೀಲರ ಫೀಸಿಗೂ ಆರ್ಕಿಟೆಕ್ಟ್ ಫೀಸಿಗೂ ಹೊನೊರಾರ್ ಅಂತಾನೇ ಹೆಸರು, ಪೂರ್ತಿ ದುಡ್ಡು, ಕೇಳಿ ಪಡೆಯೋ ದುಡ್ಡು.

ನನಗೆ ಕುಗ್ಗಿದ್ದು ಯಾಕಂದ್ರೆ, ಇಂಡಿಯಾದಲ್ಲಿದ್ದಾಗ ಒಂದು ಕಡೆ ಎರಡು ದಿನ ತರಬೇತಿ ಕೊಟ್ಟಿದ್ದೆ, ಹೊರಡೋವಾಗ ಬಾಗಿಲ ಹತ್ರ ಕವರ್ ಜೇಬಿಗೆ ತುರುಕಿ "ಏನೋ ಸಣ್ಣ ಗೌರವ ಸರ್" ಅಂದ್ರು. ಎದುರಿಗೆ ಬಿಚ್ಚೋ ಹಾಗಿಲ್ಲ, ಎಷ್ಟು ಅಂತ ಕೇಳಿದ್ರೆ ನಾನೇ ಸಣ್ಣವನಾಗ್ತೀನಿ. ಆಮೇಲೆ ನೋಡಿದ್ರೆ ಬಸ್ ಚಾರ್ಜಿಗೂ ಸಾಲ್ತಿರ್ಲಿಲ್ಲ.

ಜರ್ಮನ್ನರ ಹೊನೊರಾರ್, ನಮ್ಮ ಗೌರವಧನ, ಎರಡರ ಹಿಂದಿರೋ ಯೋಚನೆಯ ಬೇರು ಒಂದೇ. ರೋಮ್‌ನಲ್ಲಿ ಕ್ರಿ.ಪೂ. 204ರ ಸಿಂಕಿಯನ್ ಕಾನೂನು ವಾದ ಮಾಡೋದಕ್ಕೆ ದುಡ್ಡು ತಗೋಬಾರದು ಅಂತು, ಆದ್ರೂ ಕಾಣಿಕೆ ಹೆಸರಲ್ಲಿ ತಗೊಳ್ತಾನೇ ಇದ್ರು, ಕೊನೆಗೆ ಕ್ರಿ.ಶ. 47ರಲ್ಲಿ ಚಕ್ರವರ್ತಿ ಕ್ಲಾಡಿಯಸ್ 10,000 ಸೆಸ್ಟರ್ಸ್ (ಆಗಿನ ರೋಮ್ ನಾಣ್ಯ) ತನಕ ತಗೋಬಹುದು ಅಂತ ಮಿತಿ ಹಾಕ್ದ. ಇಂಗ್ಲೆಂಡಲ್ಲೂ ಬ್ಯಾರಿಸ್ಟರ್ ಫೀಸ್ ಅಂದ್ರೆ ಕಕ್ಷಿದಾರ ಗೌರವಕ್ಕೆ ಕೊಡೋದು, ಕೊಡದಿದ್ರೆ ಕೋರ್ಟಿಗೆ ಹೋಗೋ ಹಾಗಿಲ್ಲ, 1863ರಲ್ಲಿ ಕೋರ್ಟೇ ಹಾಗೆ ತೀರ್ಪು ಕೊಡ್ತು, ಆ ನಿಯಮ ಹೋಗಿದ್ದು 1990ರ ಕಾಯ್ದೆಯಿಂದ. ವಿದ್ಯೆಗೆ ಬೆಲೆ ಕಟ್ಟಬಾರದು ಅನ್ನೋ ಭಾವನೆ ಅದು, ಚೆನ್ನಾಗೇ ಇದೆ, ಆದ್ರೆ ಅದು ನಡೀತಿದ್ದಿದ್ದು ಮನೇಲಿ ಆಸ್ತಿ ಇದ್ದವರಿಗೆ. ಕೇಳದೇ ಇದ್ರೂ ಅವರ ಒಲೆ ಉರೀತಿತ್ತು.

ನಮ್ಮಲ್ಲಿ ಈ ಪದ ಬಂದು ಕೂತಿರೋದು ಅಂಗನವಾಡಿ ಕಾರ್ಯಕರ್ತೆಯರ ಮೇಲೆ, ಆಶಾ ಅಕ್ಕಂದಿರ ಮೇಲೆ, ಅತಿಥಿ ಉಪನ್ಯಾಸಕರ ಮೇಲೆ. ದಿನಾ ಬಂದು ದುಡಿಯೋರು, ಅದರಲ್ಲೇ ಮನೆ ನಡೆಸೋರು. ಅವರಿಗೆ ಕೊಡೋದನ್ನ ಸಂಬಳ ಅನ್ನದೆ ಗೌರವಧನ ಅಂದ ಕೂಡ್ಲೇ ನೌಕರರಿಗೆ ಸಿಗೋ ಎಷ್ಟೋ ಹಕ್ಕು ಜಾರಿಹೋಗುತ್ತೆ, ನನಗೆ ತಡೆಯೋಕಾಗದೇ ಇರೋದು ಇದು. ಅಂಗನವಾಡಿಯವರ ಗ್ರಾಚ್ಯುಟಿ ಕೇಸಲ್ಲೂ ಇದು ಗೌರವಧನ, ವೇತನ ಅಲ್ಲ ಅಂತಾನೇ ವಾದ ಬಂತು, 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಅದೂ ವೇತನವೇ, ಗ್ರಾಚ್ಯುಟಿ ಕೊಡಬೇಕು ಅಂತು. ಓದಿ ತುಂಬಾ ಖುಷಿಯಾಯ್ತು.

ಪದ ಬದಲಾಯಿಸಿ ಅಂತ ನಾನು ಹೇಳಲ್ಲ, ಜರ್ಮನ್ನರೂ ಬದಲಾಯಿಸಿಲ್ಲ, ಕಾಗದದ ಮೇಲೆ ಮೊತ್ತ, ತಾರೀಖು ಬರೀತಾರೆ ಅಷ್ಟೆ. ಈಗ ಆನ್‌ಲೈನ್ ಕಾರ್ಯಕ್ರಮಕ್ಕೆ ನಾನು ಯಾರನ್ನಾದ್ರೂ ಮಾತಾಡೋಕೆ ಕರೆಯೋದಾದ್ರೆ ಎಷ್ಟು ಕೊಡ್ತೀವಿ, ಯಾವಾಗ ಕೊಡ್ತೀವಿ ಅಂತ ಮೊದಲ ಮೇಲ್‌ನಲ್ಲೇ ಬರೀತೀನಿ. ಅವರು ಕೇಳೋ ತನಕ ಕಾಯಲ್ಲ.